ಸಮಿತಿಗೆ ದೂರೋ, ಪೊಲೀಸರಿಗೆ ದೂರೋ?

ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳ ಮೊಬೈಲಿಗೆ ರಾತ್ರಿ 11ಕ್ಕೆ ಸಹೋದ್ಯೋಗಿಯಿಂದ ಅಶ್ಲೀಲ ಚಿತ್ರ ಬಂದರೆ, ಅವಳ ಮುಂದೆ ಎರಡು ದಾರಿಗಳಿವೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ 3 ತಿಂಗಳೊಳಗೆ ದೂರು ಕೊಟ್ಟರೆ, ಕೆಲಸದ ಸ್ಥಳದ ಆಂತರಿಕ ಸಮಿತಿ, ನೌಕರರು 10ಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ, 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಅವನ ಕೆಲಸ ಹೋಗಬಹುದು, ಆದರೆ ಸಮಿತಿಗೆ ಜೈಲಿಗೆ ಕಳಿಸುವ ಅಧಿಕಾರವಿಲ್ಲ. ಪೊಲೀಸರ ಬಳಿಗೆ ಹೋದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಅಡಿ ಮೊದಲ ಅಪರಾಧಕ್ಕೇ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡವಿದೆ; ಆದರೆ ಕೋರ್ಟಿಗೆ ಅಲೆಯಬೇಕಾದೀತು. ಬೇಡವೆಂದೊಡನೆ ನಿಲ್ಲಿಸಿದವನಿಗೆ ಸಮಿತಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಬ್ಲಾಕ್ ಮಾಡಿದ ಮೇಲೂ ಹೊಸ ನಂಬರಿನಿಂದ ಕಳಿಸುವವನಿಗೆ ಜೈಲೇ ತಕ್ಕ ಶಿಕ್ಷೆ. ಎಷ್ಟೇ ಅಸಹ್ಯವೆನಿಸಿದರೂ ಆ ಸಂದೇಶವನ್ನು ಅಳಿಸಬಾರದು. ಎರಡೂ ಕಡೆ ಅದೇ ಸಾಕ್ಷ್ಯ.