ಇಡೀ ಫೋಲ್ಡರಿನ ಮೇಲೆ ‘ಸೆಡ್ -ಐ’ ಓಡಿಸುವವರಿಗೆ ಒಂದು ಎಚ್ಚರಿಕೆ

ಪ್ರಾಜೆಕ್ಟಿನ ಎಲ್ಲ ಕಡತಗಳಲ್ಲಿ ಒಂದು ಪದವನ್ನು ಒಮ್ಮೆಗೇ ಬದಲಿಸಲು ಫೈಂಡ್ (ಕಡತಗಳನ್ನು ಹುಡುಕುವುದು), ಎಕ್ಸ್‌ಆರ್ಗ್ಸ್ (ಸಿಕ್ಕ ಪಟ್ಟಿಯನ್ನು ಮುಂದಿನ ಕಮಾಂಡಿಗೆ ದಾಟಿಸುವುದು) ಮತ್ತು ಸೆಡ್ (ಪಠ್ಯವನ್ನು ಬದಲಿಸುವುದು; ‘-ಐ’ ಎಂದರೆ ಕಡತವನ್ನೇ ತಿದ್ದು ಎಂದರ್ಥ) ಎಂಬ ಮೂರನ್ನು ಜೋಡಿಸಿದ ಒಂದು ಸಾಲಿನ ಕಮಾಂಡನ್ನು ಬಹಳ ಜನ ಬಳಸುತ್ತಾರೆ. ಕೋಡಿನ ಹಳೆಯ ಆವೃತ್ತಿಗಳನ್ನು ಕಾಪಾಡುವ ಗಿಟ್‌ನ ರೆಪಾಸಿಟರಿ (ಸಂಗ್ರಹ) ಇರುವ ಫೋಲ್ಡರಿನಲ್ಲಿ ದಯವಿಟ್ಟು ಅದನ್ನು ಹಾಗೆಯೇ ಓಡಿಸಬೇಡಿ. ಏನಾದರೂ ಕೆಟ್ಟರೆ ಗಿಟ್‌ನಿಂದ ಹಿಂದಕ್ಕೆ ಪಡೆಯಬಹುದು ಎಂದು ನಾವು ನಂಬಿರುತ್ತೇವೆ. ಆದರೆ ಆ ಕಮಾಂಡ್ ಮೊದಲು ಕೆಡಿಸುವುದೇ ಗಿಟ್ ಅನ್ನು.

ನಮ್ಮ ತಂಡಕ್ಕೆ ಹಸ್ತಾಂತರವಾದ ಒಂದು ಪ್ರಾಜೆಕ್ಟಿನ ಜೊತೆ, ‘ಐಡಿ’ (id) ಎಂಬ ಹೆಸರಿನ ಫೀಲ್ಡನ್ನು ‘ಕೀ’ (key) ಎಂದು ಬದಲಿಸುವ ಸ್ಕ್ರಿಪ್ಟ್ ಕೂಡ ಬಂದಿತ್ತು. ಅದನ್ನು ಓಡಿಸಿದಾಗ ಯಾವ ದೋಷಸಂದೇಶವೂ ಬರಲಿಲ್ಲ. ಸೆಡ್ ತನಗೆ ಹೇಳಿದ್ದನ್ನು ಮಾಡಿ ಮುಗಿಸಿದರೆ ಮೌನವಾಗಿಯೇ ಇರುತ್ತದೆ, ಎಷ್ಟು ಕಡೆ ಬದಲಾಯಿತು ಎಂಬುದನ್ನೂ ತಿಳಿಸುವುದಿಲ್ಲ. ಆದರೆ ಆ ಎರಡು ಇಂಗ್ಲಿಷ್ ಅಕ್ಷರಗಳು ವಿಡ್ತ್, ವ್ಯಾಲಿಡ್, ಹಿಡನ್, ವಿಡಿಯೊ ಎಂಬ ಪದಗಳ ಕಾಗುಣಿತದಲ್ಲಿಯೂ ಇವೆ. ಪದದ ಗಡಿಯನ್ನು ಸೂಚಿಸದೆ ಹುಡುಕಿದ್ದರಿಂದ ಅವೆಲ್ಲವೂ ವಿರೂಪಗೊಂಡು, ಪುಟದ ವಿನ್ಯಾಸದಿಂದ ಹಿಡಿದು ಫಾರ್ಮ್‌ಗಳ ತಪಾಸಣೆಯವರೆಗೆ ಎಲ್ಲವೂ ಒಟ್ಟಿಗೇ ಮುರಿದುಬಿದ್ದವು.

ಸಹಜವಾಗಿಯೇ ಗಿಟ್‌ನಿಂದ ಹಳೆಯ ಸ್ಥಿತಿಗೆ ಮರಳಲು ಯತ್ನಿಸಿದೆವು. ತಾನು ಗಮನಿಸುವ ಕಡತಗಳ ಪಟ್ಟಿಯಾದ ಇಂಡೆಕ್ಸ್ ಕಡತವೇ ಹಾಳಾಗಿದೆ ಎಂದು ಗಿಟ್ ಹೇಳಿತು. ಕಾರಣ ಇಷ್ಟೇ: ಫೈಂಡ್‌ಗೆ ಅಡಗಿದ ಫೋಲ್ಡರ್ ಮತ್ತು ಸಾಮಾನ್ಯ ಫೋಲ್ಡರ್ ಎಂಬ ಭೇದವಿಲ್ಲ, ಅದು ಗಿಟ್ ತನ್ನ ಇತಿಹಾಸವನ್ನೆಲ್ಲ ಇಡುವ ‘.ಗಿಟ್’ ಎಂಬ ಅಡಗಿದ ಫೋಲ್ಡರಿನೊಳಗೂ ಇಳಿಯುತ್ತದೆ. ಅಲ್ಲಿರುವ ಪ್ಯಾಕ್ ಕಡತಗಳು ಕುಗ್ಗಿಸಿದ ದತ್ತಾಂಶ. ಯಾವುದೇ ಎರಡು ಬೈಟ್‌ಗಳ ಜೋಡಿ ಅಂತಹ ದತ್ತಾಂಶದಲ್ಲಿ ಸರಾಸರಿ 65,536 ಬೈಟ್‌ಗಳಿಗೊಮ್ಮೆ ಆಕಸ್ಮಿಕವಾಗಿಯೇ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಕೆಲವು ಮೆಗಾಬೈಟ್‌ಗಳ ಪ್ಯಾಕ್‌ನಲ್ಲಿ ಅದು ಹತ್ತಾರು ಕಡೆ ಸಿಗುವುದು ಬಹುತೇಕ ಖಚಿತ. ಎರಡು ಬೈಟ್‌ಗಳ ಜಾಗದಲ್ಲಿ ಮೂರು ಬೈಟ್‌ಗಳು ಬಂದು ಕೂತರೆ ಅಲ್ಲಿಂದ ಮುಂದಿನದೆಲ್ಲ ಸ್ಥಾನ ತಪ್ಪುತ್ತದೆ, ಕಡತ ಕೆಟ್ಟಿಲ್ಲವೆಂದು ಪರೀಕ್ಷಿಸುವ ಚೆಕ್‌ಸಮ್ ಎಂಬ ಸಂಖ್ಯೆ ತಾಳೆಯಾಗುವುದಿಲ್ಲ, ಗಿಟ್ ಆ ಕಡತವನ್ನು ಓದಲು ನಿರಾಕರಿಸುತ್ತದೆ. ಚಿತ್ರಗಳೂ ಇದೇ ಕಾರಣಕ್ಕೆ ಕೆಟ್ಟಿದ್ದವು.

‘ಕೀ’ಯನ್ನು ಮತ್ತೆ ‘ಐಡಿ’ ಮಾಡಿದರೆ ಸರಿಹೋಗಬಹುದಲ್ಲವೇ ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ಅದಕ್ಕೆ ಕೈಹಾಕಬೇಡಿ. ಮೊದಲಿನಿಂದಲೂ ‘ಕೀ’ ಎಂದೇ ಇದ್ದ ಹೆಸರುಗಳು ಮತ್ತು ಈಗ ಹೊಸದಾಗಿ ‘ಕೀ’ ಆದವು ಬೆರೆತುಹೋಗಿರುತ್ತವೆ, ಅವುಗಳನ್ನು ಬೇರ್ಪಡಿಸುವ ಮಾಹಿತಿ ಎಲ್ಲಿಯೂ ಉಳಿದಿರುವುದಿಲ್ಲ. ಸರ್ವರಿನಲ್ಲಿದ್ದ ಪ್ರತಿಯನ್ನು ಹೊಸದಾಗಿ ಕ್ಲೋನ್ ಮಾಡಿಕೊಂಡು (ಪೂರ್ತಿ ನಕಲಿಸಿಕೊಂಡು) ನಾವು ಬಹುಪಾಲನ್ನು ಮರಳಿ ಪಡೆದೆವು. ಪುಶ್ ಆಗದಿದ್ದ, ಅಂದರೆ ಸರ್ವರಿಗೆ ಕಳುಹಿಸದಿದ್ದ ಕಮಿಟ್‌ಗಳು (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಗಳು) ಮತ್ತು ತಾತ್ಕಾಲಿಕವಾಗಿ ಬದಿಗಿಡುವ ಸ್ಟ್ಯಾಶ್‌ನಲ್ಲಿದ್ದ ಕೆಲಸ ಮಾತ್ರ ಹೋದವು. ಯಾರೋ ಶ್ರದ್ಧೆಯಿಂದ ಬರೆದಿದ್ದ ಕೋಡ್ ಅದು, ಹಾಗೆ ಹೋಗಬಾರದಿತ್ತು.

1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮ್ಯಾಕ್‌ಮಹನ್ ರೂಪಿಸಿದ ಸೆಡ್, ಮೂಲ ಕಡತವನ್ನು ಮುಟ್ಟದೆ ಬದಲಾದ ಪಠ್ಯವನ್ನು ಔಟ್‌ಪುಟ್‌ಗೆ ಮಾತ್ರ ಕಳುಹಿಸುವ ಸಾಧನವಾಗಿತ್ತು. ಕಡತವನ್ನೇ ತಿದ್ದುವ ‘-ಐ’ ಆಯ್ಕೆ ನಂತರ ಸೇರಿದ್ದು. ಅದಿಲ್ಲದೆ ಒಮ್ಮೆ ಓಡಿಸಿ ಫಲಿತಾಂಶವನ್ನು ನೋಡುವುದು ಇಂದಿಗೂ ಅತ್ಯುತ್ತಮ ಅಭ್ಯಾಸ ಎಂದೇ ನನ್ನ ಅಭಿಪ್ರಾಯ.

ಈಗ ನಾವು ಎಲ್ಲವನ್ನೂ ಕಮಿಟ್ ಮಾಡಿ, ಪುಶ್ ಮಾಡಿದ ಮೇಲೆಯೇ ಇಂತಹ ಕೆಲಸಕ್ಕೆ ಇಳಿಯುತ್ತೇವೆ. ಹುಡುಕಲು ಫೈಂಡ್‌ನ ಬದಲು ‘ಗಿಟ್ ಗ್ರೆಪ್’ ಬಳಸುತ್ತೇವೆ, ಏಕೆಂದರೆ ಅದು ಗಿಟ್ ಟ್ರ್ಯಾಕ್ ಮಾಡುತ್ತಿರುವ ಕಡತಗಳನ್ನಷ್ಟೇ ನೋಡುತ್ತದೆ, ‘.ಗಿಟ್’ ಒಳಗೆ ಹೋಗುವುದಿಲ್ಲ. ‘-ಡಬ್ಲ್ಯೂ’ ಸೇರಿಸಿದರೆ ಇಡೀ ಪದ ಹೊಂದಿದಾಗ ಮಾತ್ರ ತೋರಿಸುತ್ತದೆ, ದೊಡ್ಡಕ್ಷರದ ‘-ಐ’ (-I) ಸೇರಿಸಿದರೆ ಚಿತ್ರಗಳಂತಹ ಪಠ್ಯವಲ್ಲದ ಬೈನರಿ ಕಡತಗಳನ್ನು ಬಿಟ್ಟುಬಿಡುತ್ತದೆ. ಆ ಸಾಲುಗಳನ್ನು ಕಣ್ಣಿಟ್ಟು ಓದಿದ ಮೇಲೆ ಆ ಕಡತಗಳ ಪಟ್ಟಿಯನ್ನಷ್ಟೇ ಸೆಡ್‌ಗೆ ಕೊಡುತ್ತೇವೆ. ಗ್ರೆಪ್‌ಗೆ ಕೊಟ್ಟ ಪದದ ಗಡಿ ಸೆಡ್‌ಗೆ ತಾನಾಗಿ ಅನ್ವಯಿಸುವುದಿಲ್ಲ, ಸೆಡ್‌ಗೆ ಕೊಡುವ ಹುಡುಕಾಟದ ಮಾದರಿಯಲ್ಲಿ ಗಡಿಯನ್ನು ಮತ್ತೆ ಬರೆಯಲೇಬೇಕು.

‘-ಐ’ಗೆ ಅಂಟಿಸಿ ‘.ಬ್ಯಾಕ್’ ಎಂದು ಬರೆದು ಬ್ಯಾಕಪ್ ಇಟ್ಟುಕೊಂಡರೂ ಅದೇ ಕಮಾಂಡನ್ನು ಎರಡನೆಯ ಬಾರಿ ಓಡಿಸಬೇಡಿ: ಮೊದಲ ಬ್ಯಾಕಪ್‌ನ ಮೇಲೆ, ಆಗಲೇ ಬದಲಾದ ಪಠ್ಯ ಬಂದು ಕೂರುತ್ತದೆ. ಮ್ಯಾಕ್ ಬಳಸುವವರು ಇನ್ನೊಂದನ್ನೂ ಗಮನಿಸಬೇಕು. ಲಿನಕ್ಸ್‌ನ ಗ್ನೂ ಸೆಡ್‌ನಲ್ಲಿ ‘-ಐ’ ಒಂಟಿಯಾಗಿ ನಿಲ್ಲಬಲ್ಲದು, ಮ್ಯಾಕ್‌ನ ಸೆಡ್ ಮಾತ್ರ ಅದರ ಮುಂದೆ ಬಂದದ್ದನ್ನು ಬ್ಯಾಕಪ್ ಕಡತದ ಹೆಸರಿಗೆ ಅಂಟಿಸುವ ಪ್ರತ್ಯಯವೆಂದೇ (‘.ಬ್ಯಾಕ್’ನಂತೆ) ಓದುತ್ತದೆ. ಬ್ಯಾಕಪ್ ಬೇಡವಾದರೆ ಅಲ್ಲಿ ಖಾಲಿ ಉದ್ಧರಣ ಚಿಹ್ನೆಗಳನ್ನು ಕೊಡಬೇಕು.