ರೈಸನ್ 5600ಜಿ ಬಿಟ್ಟು ಐ5-12400ಕ್ಕೆ ಬಂದೆ: ಯಕ್ಷಗಾನದ ವಿಡಿಯೊ ಮಾಡುವವನ ಅನುಭವ

ಎರಡೂ ಕಂಪ್ಯೂಟರಿನ ಪ್ರೊಸೆಸರುಗಳು, ರೈಸನ್ ಎಎಂಡಿಯದ್ದು, ಐ5 ಇಂಟೆಲ್‌ನದ್ದು. ಎರಡರಲ್ಲೂ ಆರು ಕೋರು (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ಡು. ಗರಿಷ್ಠ ವೇಗ ಎರಡಕ್ಕೂ 4.4 ಗಿಗಾಹರ್ಟ್ಸ್. ಉಳಿದ ಅಂಕಿಸಂಖ್ಯೆ, ಬೆಂಚ್‌ಮಾರ್ಕ್ ಎಲ್ಲ ನೀವು ನೋಡಿಯೇ ಇಲ್ಲಿಗೆ ಬಂದಿರುತ್ತೀರಿ, ಮತ್ತೆ ಬರೆಯುವುದಿಲ್ಲ. ಆ ಪಟ್ಟಿಗಳನ್ನು ನೋಡಿದರೆ 12400 ಸ್ವಲ್ಪ ಮುಂದೆ ಅಂತ ಕಾಣುತ್ತದೆ, ಅಷ್ಟೇ. ನನ್ನ ಕೆಲಸದಲ್ಲಿ ಮಾತ್ರ ಇವೆರಡರ ನಡುವೆ ಅಜಗಜಾಂತರ. ಕಾರಣ ಕೋರೂ ಅಲ್ಲ, ಗಿಗಾಹರ್ಟ್ಸೂ ಅಲ್ಲ.

ನಾನಿರುವುದು ಬದಿಯಡ್ಕದ ಹತ್ತಿರ. ಕೆಲಸ ಯಕ್ಷಗಾನದ ವಿಡಿಯೊ, ನಮ್ಮಲ್ಲಿ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯ ತನಕ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ, ನಡುನಡುವೆ ಮದುವೆ, ಉಪನಯನ. ಎರಡು ಕ್ಯಾಮರಾ: ಒಂದು ಇಡೀ ರಂಗಸ್ಥಳಕ್ಕೆ, ಇನ್ನೊಂದು ಮುಖಕ್ಕೆ, ಹೆಜ್ಜೆಗೆ. ಎಡಿಟಿಂಗ್ ಪ್ರೀಮಿಯರ್ ಪ್ರೊದಲ್ಲಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬಜೆಟ್ಟೂ ಇಲ್ಲ.

5600ಜಿ ತೆಗೆದುಕೊಂಡದ್ದೂ ಅದೇ ಕಾರಣಕ್ಕೆ. ಅದು ಅಂಗಡಿಗೆ ಬಂದದ್ದು 2021ರ ಆಗಸ್ಟಿನಲ್ಲಿ. ಆಗ ಗ್ರಾಫಿಕ್ಸ್ ಕಾರ್ಡಿನ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು, ಸಿಗುತ್ತಲೂ ಇರಲಿಲ್ಲ. ಪ್ರೊಸೆಸರಿನೊಳಗೇ ಒಳ್ಳೆಯ ಗ್ರಾಫಿಕ್ಸ್ ಇರುವ ಚಿಪ್ ಅಂದರೆ ಇದೇ. ಹಳೆಯ ಕ್ಯಾಮರಾದ ಫೈಲುಗಳನ್ನು ಅದು ಚೆನ್ನಾಗಿಯೇ ಓಡಿಸಿತು. ಒಂದು ದಿನ ಹ್ಯಾಂಗ್ ಆದದ್ದಿಲ್ಲ, ಕರೆಂಟ್ ಬಿಲ್ಲಿನಲ್ಲಿ ಸದ್ದು ಮಾಡಿದ್ದಿಲ್ಲ. ಆ ಬಗ್ಗೆ ದೂರು ಹೇಳಿದರೆ ಪಾಪ ಬರುತ್ತದೆ.

ಸಮಸ್ಯೆ ಶುರುವಾದದ್ದು ಕ್ಯಾಮರಾ ಬದಲಿಸಿದ ಮೇಲೆ. ಹೊಸದರಲ್ಲಿ ಎಚ್‌ಇವಿಸಿ (ವಿಡಿಯೊವನ್ನು ಕುಗ್ಗಿಸಿ ಉಳಿಸುವ ಒಂದು ಬಗೆ), 10 ಬಿಟ್ (ಬಣ್ಣದ ಛಾಯೆಗಳು ಹೆಚ್ಚು), 4:2:2. ಇದು ಸುಮ್ನೆ ದೊಡ್ಡ ಹೆಸರಲ್ಲ. ಮಾಮೂಲಿ 4:2:0 ಫೈಲಿನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ ಇರುತ್ತದೆ, 4:2:2ರಲ್ಲಿ ಎರಡಕ್ಕೆ ಒಂದು. ಮದುವೆ ವಿಡಿಯೊದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆಟದಲ್ಲಿ ಬೀಳುತ್ತದೆ. ಕಪ್ಪು ಪರದೆಯ ಎದುರು ಕಡುಕೆಂಪು ವೇಷ ಬಂದು ನಿಂತಾಗ ಕೆಂಪಿನ ಅಂಚು ಹಲ್ಲುಹಲ್ಲಾಗಿ ಒಡೆಯುತ್ತಿತ್ತು ನೋಡಿ, ಅದು ಹೋಯಿತು. ಈಗಿನ ಎಲ್‌ಇಡಿ ಬೆಳಕಿನಲ್ಲಿ ಮುಖವರ್ಣಿಕೆಯ ಬಣ್ಣ ಕೆಡುತ್ತದೆ. ಅದನ್ನು ಸರಿಪಡಿಸುವಾಗಲೂ 10 ಬಿಟ್ ಇದ್ದರೆ ಎಷ್ಟೋ ಸಲೀಸು.

ಆದರೆ ಈ ಫೈಲನ್ನು ಬಿಡಿಸಿ ತೋರಿಸುವ ವ್ಯವಸ್ಥೆ 5600ಜಿಯ ವೇಗಾ ಗ್ರಾಫಿಕ್ಸ್‌ನಲ್ಲಿ ಇಲ್ಲ. 10 ಬಿಟ್ 4:2:0 ಆದರೆ ಆಗುತ್ತದೆ, 4:2:2 ಆಗುವುದಿಲ್ಲ. ಇಡೀ ಭಾರ ಕೋರುಗಳ ಮೇಲೆ. 4ಕೆಯ ಎರಡು ಕ್ಯಾಮರಾ ಒಟ್ಟಿಗೆ ಇಟ್ಟರೆ ಚೆಂಡೆಯ ಸದ್ದು ಮುಂದೆ, ಹೆಜ್ಜೆ ಹಿಂದೆ. ಹಾಗಾಗಿ ಪ್ರಾಕ್ಸಿ. ಅಂದರೆ ಎಲ್ಲ ಫೈಲಿಗೂ ಒಂದೊಂದು ಚಿಕ್ಕ ನಕಲು ಮಾಡಿ, ಅದರಲ್ಲಿ ಎಡಿಟ್ ಮಾಡಿ, ಕೊನೆಗೆ ಅಸಲಿಗೆ ಬದಲಿಸುವುದು. ಇಡೀ ರಾತ್ರಿಯ ಆಟಕ್ಕೆ ಪ್ರಾಕ್ಸಿ ಅಂದರೆ ಮರುದಿನವೂ ಹೋಯಿತು. ಅಷ್ಟರಲ್ಲಿ ಸಂಘಟಕರ ಫೋನ್: "ಮಾರಾಯ್ರೇ, ಎಂತ ಆಯ್ತು ವಿಡಿಯೊ?"

12400ರ ಒಳಗಿನ ಯುಎಚ್‌ಡಿ 730 ಆ ಫೈಲನ್ನು ನೇರವಾಗಿ ಬಿಡಿಸುತ್ತದೆ. ಇಂಟೆಲ್‌ನವರು ಇದಕ್ಕೆ ಕ್ವಿಕ್ ಸಿಂಕ್ ಅನ್ನುತ್ತಾರೆ. ಗೇಮ್ ಆಡಲು ಈ ಗ್ರಾಫಿಕ್ಸ್ ದಂಡ, ವೇಗಾದ ಹತ್ತಿರವೂ ಬರುವುದಿಲ್ಲ. ಆದರೆ ವಿಡಿಯೊ ಬಿಡಿಸುವ ಈ ಸಣ್ಣ ಮೂಲೆಗಾಗಿಯೇ ನಾನು ದುಡ್ಡು ಕೊಟ್ಟದ್ದು.

ಈಗ ನನ್ನ ಬೆಳಗು ಹೀಗೆ. ಆಟ ಮುಗಿಸಿ ಬಂದು, ಬ್ಯಾಗು ಇಳಿಸಿ, ಮೊದಲು ಕ್ಯಾಮರಾದ ಕಾರ್ಡುಗಳನ್ನು ರೀಡರಿಗೆ ಹಾಕುವುದು. ಕಾಪಿ ಆಗುವಷ್ಟರಲ್ಲಿ ಸ್ನಾನ, ಎರಡು ದೋಸೆ, ಕಾಫಿ. ಆಮೇಲೆ ಒಂದು ಸಣ್ಣ ನಿದ್ದೆ ಬೇಕೇ ಬೇಕು. ಎದ್ದು ಫೈಲುಗಳನ್ನು ನೇರ ಟೈಮ್‌ಲೈನಿಗೆ ಎಳೆಯುತ್ತೇನೆ. ಮಿಕ್ಸರಿನಿಂದ ತಂದ ಆಡಿಯೊವನ್ನು ಚೆಂಡೆಯ ಒಂದು ಪೆಟ್ಟು ಹಿಡಿದು ಕೂಡಿಸುತ್ತೇನೆ. ಆಮೇಲೆ ಸುಮ್ನೆ ಎಳೆಯುತ್ತಾ ಹೋಗುವುದು. ಒಡ್ಡೋಲಗ ಬಂತು, ಒಂದು ಗುರುತು. ಸ್ತ್ರೀವೇಷದ ಪ್ರವೇಶ, ಒಂದು ಗುರುತು. ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿತು, ಒಂದು ಗುರುತು. ಬೆರಳು ನಿಲ್ಲಿಸಿದಲ್ಲಿ ಚಿತ್ರವೂ ನಿಲ್ಲುತ್ತದೆ. ದಿಗಿಣ ಹಾಕುವವರ ಕಾಲು ನೆಲ ಮುಟ್ಟುವ ಫ್ರೇಮ್ ಹುಡುಕಿ, ಅಲ್ಲೇ ಇನ್ನೊಂದು ಕ್ಯಾಮರಾಕ್ಕೆ ಕತ್ತರಿಸಬಹುದು. ಮೊದಲೆಲ್ಲ ಅಂದಾಜಿನಲ್ಲಿ ಕತ್ತರಿಸಿ, ಪ್ಲೇ ಮಾಡಿ, ಬೈದು, ಮತ್ತೆ ಕತ್ತರಿಸುತ್ತಿದ್ದೆ.

ಒಂದು ಎಚ್ಚರಿಕೆ. ಎಲ್ಲ 4:2:2 ಫೈಲಿಗೂ ಈ ಭಾಗ್ಯ ಇಲ್ಲ. ಕೆಲವು ಕ್ಯಾಮರಾಗಳು 10 ಬಿಟ್ 4:2:2ನ್ನು ಎಚ್.264 ಎಂಬ ಹಳೆಯ ಬಗೆಯಲ್ಲಿ ಉಳಿಸುತ್ತವೆ. ಅದನ್ನು 12400 ಕೂಡ ಗ್ರಾಫಿಕ್ಸ್‌ನಿಂದ ಬಿಡಿಸುವುದಿಲ್ಲ, ಮತ್ತೆ ಕೋರುಗಳೇ ಗತಿ. ಎರಡೂ ಬಗೆ ಇರುವ ಕ್ಯಾಮರಾ ಆದರೆ ಮೆನುವಿನಲ್ಲಿ ಎಚ್‌ಇವಿಸಿ ಆರಿಸಿ.

ಇಷ್ಟು ಹೊಗಳಿದ್ದಾಯಿತು. ಇನ್ನು ಫ್ಯಾನಿನ ಕಥೆ.

ಪ್ರೊಸೆಸರಿನದ್ದಲ್ಲ ತಪ್ಪು, ಮದರ್‌ಬೋರ್ಡಿನದ್ದು. ಬಿ660 ಬೋರ್ಡ್, ಕಂಪನಿಯ ಹೆಸರು ಬೇಡ. ಹಳೆಯ ಡಿಡಿಆರ್4 ರ್‍ಯಾಮ್ ಹಾಗೆಯೇ ಕೂರುತ್ತದೆ ಅಂತ ತೆಗೆದುಕೊಂಡೆ, ಆ ಲೆಕ್ಕ ಸರಿಯಾಯಿತು. ಆದರೆ ಅದು ಬರುವಾಗಲೇ ವಿದ್ಯುತ್ತಿನ ಮಿತಿಯನ್ನು ತೆಗೆದುಹಾಕಿ ಬಂದಿತ್ತು. ಇಂಟೆಲ್ ಈ ಚಿಪ್ಪಿಗೆ ಹೇಳಿದ್ದು 65 ವಾಟ್, ಜೋರು ಕೆಲಸದ ಹೊತ್ತಿಗೆ 117ರ ತನಕ. ಬೋರ್ಡಿಗೆ ಅದರ ಹಂಗೇ ಇಲ್ಲ. ಫೋಲ್ಡರ್ ತೆರೆದರೆ ಫ್ಯಾನ್ ಕಿರುಚುತ್ತದೆ, ಮುಚ್ಚಿದರೆ ಸುಮ್ಮನಾಗುತ್ತದೆ. ಬ್ರೌಸರ್ ತೆರೆದರೆ ಮತ್ತೆ. 5600ಜಿಯ ಫ್ಯಾನ್ ಕೂಡ ಸದ್ದು ಮಾಡುತ್ತಿತ್ತು, ಆದರೆ ಒಂದೇ ಹದದಲ್ಲಿ, ಕಿವಿಗೆ ರೂಢಿಯಾಗಿ ಹೋಗಿತ್ತು. ಇದು ಹಾಗಲ್ಲ, ಚಂಡಿ ಹಿಡಿದ ಮಗುವಿನ ಹಾಗೆ ನಿಲ್ಲಿಸಿ ನಿಲ್ಲಿಸಿ ಅಳುತ್ತದೆ. ಭಾಗವತರು ಪದ ಎತ್ತುವ ಮೊದಲಿನ ಶ್ರುತಿ ಕೇಳಿಸಿಕೊಂಡು ಆಡಿಯೊ ಹದ ಮಾಡಬೇಕು, ಅಲ್ವಾ? ಆ ಶ್ರುತಿಗೂ ಫ್ಯಾನಿಗೂ ದಿನಾ ಸ್ಪರ್ಧೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಂತೂ ಕೇಳುವುದೇ ಬೇಡ. ಮಧ್ಯಾಹ್ನ ಕೆಲಸವನ್ನೇ ಬಿಟ್ಟು ರಾತ್ರಿಗೆ ಇಡುತ್ತಿದ್ದೆ. ಕರೆಂಟ್ ಹೋದರೆ ಇನ್ವರ್ಟರ್ ಬೇಗ ಬರಿದಾಗುತ್ತಿತ್ತು.

ಕೊನೆಗೆ ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸಿಗೆ ಹೋಗಿ ಎರಡೂ ಮಿತಿಯನ್ನು 65 ವಾಟಿಗೆ ಕಟ್ಟಿಹಾಕಿದೆ. ಫ್ಯಾನ್ ವೇಗ ಏರುವ ಮೊದಲು ಕೆಲವು ಸೆಕೆಂಡ್ ಕಾಯುವ ಹಾಗೆ ಮಾಡಿದೆ. ಕಿರುಚಾಟ ನಿಂತಿತು. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ ಆಗಿರಬೇಕು, ಆದರೆ ನನಗೆ ಗೊತ್ತಾಗುತ್ತಿಲ್ಲ. ಹಾಗೆ ಕಟ್ಟಿಹಾಕಿದ ಮೇಲೂ, ಕೋರುಗಳಿಂದಲೇ ಎಕ್ಸ್‌ಪೋರ್ಟ್ ಮಾಡಿದರೆ 5600ಜಿಗಿಂತ ಒಂದು ತಾಸಿನ ಕೆಲಸದಲ್ಲಿ ಐದಾರು ನಿಮಿಷ ಉಳಿಯುತ್ತದೆ. ಇಷ್ಟಕ್ಕೇ ಯಾರೂ ಬೋರ್ಡ್ ಸಮೇತ ಬದಲಿಸಬೇಕಾಗಿಲ್ಲ.

ಕೊಳ್ಳುವವರು ಅಕ್ಷರ ನೋಡಿಕೊಳ್ಳಿ. ಮಂಗಳೂರಿನ ಅಂಗಡಿಯಲ್ಲಿ ನನ್ನ ಕೈಗೆ ಮೊದಲು ಕೊಟ್ಟದ್ದು 12400ಎಫ್. "ಎರಡೂ ಒಂದೇ ಸರ್, ಇದು ಕಡಿಮೆಗೆ ಸಿಗುತ್ತದೆ" ಅಂದರು. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ನನ್ನಂಥವನಿಗೆ ಅದರಲ್ಲಿ ಮಾನಿಟರ್ ಕೂಡ ಹೊತ್ತುವುದಿಲ್ಲ. ಡಬ್ಬಿ ಅಲ್ಲೇ ವಾಪಸ್ ಕೊಟ್ಟೆ. ಎಎಂಡಿಯಲ್ಲೂ ಹಾಗೆಯೇ, ಜಿ ಇಲ್ಲದ 5600ರಲ್ಲಿ ಗ್ರಾಫಿಕ್ಸ್ ಇಲ್ಲ.

ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಲೋಚನೆ ಉಂಟಾದರೆ ಇನ್ನೊಂದು ವಿಷಯ. ಕಾರ್ಡ್ ಕೂರಿಸಿದ ಕೂಡಲೇ ಕೆಲವು ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ಬಂದ್ ಮಾಡುತ್ತವೆ. ಬಯೋಸಿನಲ್ಲಿ ಅದನ್ನು ಮತ್ತೆ ಚಾಲೂ ಮಾಡಿದರೆ ಮಾತ್ರ ಕ್ವಿಕ್ ಸಿಂಕ್ ಉಳಿಯುತ್ತದೆ. ಎರಡು ಚಿಪ್ಪಿನ ಸಾಕೆಟ್ಟಿಗೂ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ) ಮುಂದೆ ದಾರಿ ಇಲ್ಲ ಎನ್ನುವುದೂ ನೆನಪಿರಲಿ. 5600ಜಿಯ ಎಎಂ4ರ ಜಾಗಕ್ಕೆ 2022ರಲ್ಲೇ ಎಎಂ5 ಬಂತು, ಇಂಟೆಲ್ಲಿನ ಎಲ್‌ಜಿಎ1700 14ನೇ ತಲೆಮಾರಿಗೆ ಮುಗಿಯಿತು. ಎಎಂ5ಕ್ಕೆ ಹೋದರೆ ರ್‍ಯಾಮ್ ಕೂಡ ಹೊಸದೇ ಬೇಕು.

5600ಜಿಯನ್ನು ಮಾರಲಿಲ್ಲ. ಅಕ್ಕನ ಮಗ ಒಯ್ದು ಅದರಲ್ಲಿ ಗೇಮ್ ಆಡುತ್ತಾನೆ. ನನ್ನ ಹೊಸ ಯಂತ್ರದಲ್ಲಿ ಅದೇ ಗೇಮ್ ಹಾಕಿ ನೋಡಿ, "ಮಾವ, ನಿಮ್ಮದು ಹೊಸದಾ ಇದು?" ಅಂತ ನಕ್ಕು ಹೋದ. ಅವನ ಮಾತು ಸರಿಯೇ. ಗೇಮ್, ಟೈಪಿಂಗ್, ಹಳೆಯ ಕ್ಯಾಮರಾ ಇಷ್ಟೇ ಆದರೆ 5600ಜಿ ಇದ್ದವರು ಅದರಲ್ಲೇ ಇರಿ. ಎಚ್‌ಇವಿಸಿ 4:2:2 ಫೈಲು ನಿಮ್ಮ ಕ್ಯಾಮರಾದ ಕಾರ್ಡಿನಲ್ಲಿ ಇದ್ದರೆ ಮಾತ್ರ 12400 ನೋಡಿ, ತಂದ ದಿನವೇ ಬಯೋಸಿಗೆ ಹೋಗಿ 65 ಅಂತ ಬರೆದುಬಿಡಿ.