ಹದಿಮೂರು ವರ್ಷ ಮೈಸೂರು ಸಿಟಿ ಬಸ್ಸು: ಬಸ್ಸಿಗೆ ನಾಲ್ಕು ಸ್ಟಾರು, ಕಾಯುವುದಕ್ಕೆ ಒಂದು

2012ರಲ್ಲಿ ಅಗ್ರಹಾರದ ಬಾಡಿಗೆ ಮನೆ ಬಿಟ್ಟು ರಿಂಗ್ ರೋಡಿನಾಚೆಯ ಬಡಾವಣೆಗೆ ಬಂದೆವು. ಸೈಟು ತೋರಿಸಿದ ಬ್ರೋಕರು ‘ಬಸ್ ಸ್ಟಾಪು ಇಲ್ಲೇ ಸಾರ್, ಐದು ನಿಮಿಷ’ ಅಂದಿದ್ದ. ಸುಳ್ಳು ಹೇಳಿರಲಿಲ್ಲ ಪುಣ್ಯಾತ್ಮ, ಸ್ಟಾಪು ಐದೇ ನಿಮಿಷ. ಬಸ್ಸು ಎಷ್ಟು ನಿಮಿಷಕ್ಕೊಂದು ಅಂತ ನಾನು ಕೇಳಲಿಲ್ಲ.

ಅಲ್ಲಿಂದೀಚೆಗೆ ವಾರಕ್ಕೆ ಆರು ದಿನ ಸಿಟಿ ಬಸ್ಸೇ ನನ್ನ ಗಾಡಿ. ದೇವರಾಜ ಮಾರುಕಟ್ಟೆ ಹತ್ತಿರದ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಸ್ಕೂಟರಿದೆ, ಮಗ ಓಡಿಸುತ್ತಾನೆ. ನನ್ನ ಸೊಂಟಕ್ಕೂ ಬಡಾವಣೆಯ ಹಂಪುಗಳಿಗೂ ಆಗಿಬರುವುದಿಲ್ಲ. ಲೆಕ್ಕದವನ ಚಾಳಿ ಎಲ್ಲಿ ಹೋಗುತ್ತದೆ, ಕಾದ ನಿಮಿಷಗಳನ್ನು ಡೈರಿಯ ಮೂಲೆಯಲ್ಲಿ ಬರೆದಿಡುತ್ತೇನೆ. ಒಂದು ಪುಟದಲ್ಲಿ 7, ಮರುದಿನ 41, ಅದರ ಮರುದಿನ 12. ಈ ವಿಮರ್ಶೆಗೆ ಆ ಡೈರಿಗಳೇ ಆಧಾರ.

ಮೊದಲು ಬಸ್ಸಿನ ಮಾತು. ಹತ್ತಿ ಕೂತ ಮೇಲೆ ನನಗೆ ತಕರಾರು ಕಮ್ಮಿ. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿ, ಬಲ್ಲಾಳ್ ಸರ್ಕಲ್ ಮರಗಳ ನೆರಳು ಮುಖದ ಮೇಲೆ ಹಾದು ಹೋದರೆ, ಟಿಕೆಟ್ಟಿನ ದುಡ್ಡು ಅಲ್ಲಿಗೇ ವಸೂಲು. ಡ್ರೈವರುಗಳು ನಮ್ಮೂರಿನ ಇಕ್ಕಟ್ಟಿನಲ್ಲಿ ದೊಡ್ಡ ಬಸ್ಸನ್ನು ತಿರುಗಿಸುವ ಚಾಕಚಕ್ಯತೆಗೆ ಕೈಮುಗಿಯಬೇಕು. ಕೆ.ಆರ್. ಆಸ್ಪತ್ರೆಗೆ ಹೋಗುವ ಹಳ್ಳಿಯ ಮುದುಕರನ್ನು ‘ಅಜ್ಜಾ, ಇನ್ನೂ ಎರಡು ಸ್ಟಾಪು, ಕೂತ್ಕೋ’ ಅಂತ ನೆನಪಿಟ್ಟು ಇಳಿಸುವ ಕಂಡಕ್ಟರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಚಿಲ್ಲರೆ ಜಗಳ ಹೆಚ್ಚುಕಮ್ಮಿ ಮುಗಿದಿದೆ; ಫೋನ್ ತೋರಿಸಿ ದುಡ್ಡು ಕಟ್ಟಬಹುದು. ಟಿಕೆಟ್ ಹಿಂದೆ ಬಾಕಿ ಬರೆಸಿಕೊಂಡು ಇಳಿಯುವಾಗ ಮರೆತು ಹೋಗುವ ಸುಖ ಈಗ ಇಲ್ಲ. 2025ರ ಜನವರಿಯಲ್ಲಿ ದರ ಶೇ 15 ಏರಿತು. ಅಂಗಡಿಯಲ್ಲಿ ಎಲ್ಲರೂ ಗೊಣಗಿದರು, ನಾನು ಗೊಣಗಲಿಲ್ಲ. ಆಟೊದವನು ಮೀಟರ್ ಹಾಕದೆ ಕೇಳುವ ದುಡ್ಡಿನ ಮುಂದೆ ಅದು ಯಾವ ಲೆಕ್ಕ?

ಆದರೆ ಬಸ್ಸಿನೊಳಗೆ ನಾನು ಕಳೆಯುವುದು ಅರ್ಧ ಗಂಟೆ. ಮಿಕ್ಕ ಹೊತ್ತೆಲ್ಲ ಸ್ಟಾಪಿನಲ್ಲಿ. ಟಿಕೆಟ್ಟಿನ ಮೇಲೆ ಬರೆಯದ ದರ ಅದು.

ನಾನು ಬಡಾವಣೆಗೆ ಬಂದ ವರ್ಷವೇ ಮೈಸೂರಿನ ಬಸ್ಸುಗಳಿಗೆ ಜಿಪಿಎಸ್ ಕೂರಿಸಿ, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ತೋರಿಸುವ ಬೋರ್ಡುಗಳನ್ನು ನಿಲ್ದಾಣಗಳಲ್ಲಿ ಹಾಕಿದ್ದರು. ವಿಶ್ವಬ್ಯಾಂಕಿನ ಮೂಲಕ ಜಾಗತಿಕ ಪರಿಸರ ನಿಧಿಯ ನೆರವೂ ಬಂದಿತ್ತು. ಸುಮಾರು 500 ಬಸ್ಸುಗಳ ಯೋಜನೆ. ಬೇರೆ ಊರುಗಳವರು ಬಂದು ನೋಡಿಕೊಂಡು ಹೋಗುವಂಥ ಕೆಲಸ. ಕೆಂಪಕ್ಷರದಲ್ಲಿ ‘6 ನಿಮಿಷ’ ಅಂತ ಓಡುವುದನ್ನು ನಾನೂ ಬಾಯಿಬಿಟ್ಟುಕೊಂಡು ನೋಡಿದ್ದೇನೆ. ಆರು ನಿಮಿಷ ಅಂತ ಗೊತ್ತಾದರೆ ಪಕ್ಕದ ಅಂಗಡಿಯಲ್ಲಿ ಒಂದು ಕಾಫಿ ಕುಡಿಯಬಹುದು, ಇಪ್ಪತ್ತೈದು ಅಂತ ಗೊತ್ತಾದರೆ ನಡೆದೇ ಹೊರಡಬಹುದು. ಗೊತ್ತಾಗದಿದ್ದರೆ ಕತ್ತು ಚಾಚಿಕೊಂಡು ರಸ್ತೆ ತುದಿ ನೋಡುತ್ತ ನಿಲ್ಲಬೇಕು. ನಾನು ಹೆಚ್ಚಾಗಿ ಇಳಿಯುವ ಸ್ಟಾಪಿನ ಬೋರ್ಡು ಯಾವಾಗಲೋ ಕಣ್ಣು ಮುಚ್ಚಿತು. ಆಮೇಲೆ ಅದರ ಮೇಲೆ ಟ್ಯೂಷನ್ ಜಾಹೀರಾತು ಅಂಟಿಸಿದರು. ನಮ್ಮ ಬಡಾವಣೆಗೆ ಬೋರ್ಡೂ ಬರಲಿಲ್ಲ, ತಂಗುದಾಣವೂ ಇಲ್ಲ; ಒಂದು ಹೊಂಗೆಮರವಿದೆ, ಅದನ್ನು ನೆಟ್ಟವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ತಂಗುದಾಣ ಕೇಳೋಣ ಅಂತ ನಾವು ಆರು ಜನ ಒಮ್ಮೆ ಅರ್ಜಿ ಹಿಡಿದು ಹೊರಟೆವು. ಮೊದಲ ಕಚೇರಿಯಲ್ಲಿ ‘ಬಸ್ಸು ಬಿಡೋದು ನಾವು, ಶೆಲ್ಟರು ನಮ್ಮದಲ್ಲ’ ಅಂದರು. ಎರಡನೆಯ ಕಡೆ ‘ನಿಮ್ಮ ಬಡಾವಣೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ’. ಮೂರನೆಯ ಕಡೆ ‘ರಸ್ತೆ ಅಗಲ ಮಾಡೋರು ಬೇರೆ, ಅವರು ಮುಗಿಸಲಿ’. ಯಾರೂ ಒರಟಾಗಿ ಮಾತಾಡಲಿಲ್ಲ, ಒಬ್ಬರು ಟೀ ಕೂಡ ತರಿಸಿದರು. ಮಜಾ ಏನೆಂದರೆ ಮೂವರು ಹೇಳಿದ್ದೂ ಅವರವರ ಮಟ್ಟಿಗೆ ಸರಿ. 1992ರ ಸಂವಿಧಾನ ತಿದ್ದುಪಡಿಯಲ್ಲಿ ಸೇರಿದ ಹನ್ನೆರಡನೇ ಅನುಸೂಚಿ ತೆಗೆದು ನೋಡಿ, ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯ 17ನೇ ಬಾಬಿನಲ್ಲಿ ಬೀದಿದೀಪ, ಪಾರ್ಕಿಂಗ್ ಜಾಗಗಳ ಜೊತೆಗೆ ಬಸ್ ನಿಲ್ದಾಣವಿದೆ. ಬಸ್ಸಿಲ್ಲ. ಬಸ್ಸು ರಾಜ್ಯ ಸರ್ಕಾರದ ನಿಗಮದ್ದು. ಸೈಟು ಹಂಚಿದ್ದು ನಗರಾಭಿವೃದ್ಧಿ ಪ್ರಾಧಿಕಾರ ಇಲ್ಲವೇ ಯಾವುದೋ ಸಹಕಾರ ಸಂಘ. ಅಂದರೆ ಕಂಬ ಒಬ್ಬರದು, ಗಾಡಿ ಇನ್ನೊಬ್ಬರದು, ಮಧ್ಯೆ ನಿಂತಿರುವ ನಾನು ಯಾರ ಖಾತೆಗೂ ಸೇರಿದವನಲ್ಲ. 2020ರಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಊರು ಒಂದೇ, ಬಾಗಿಲುಗಳು ಇನ್ನಷ್ಟು ಹೆಚ್ಚಾದವು.

ಬಸ್ಸು ಹೆಚ್ಚಿಸಿ ಅಂತ ಕೇಳಿದಾಗ ಸಿಕ್ಕ ಉತ್ತರ ಮಾತ್ರ ಇವತ್ತಿಗೂ ನನ್ನ ತಲೆಯಲ್ಲಿ ಕೊರೆಯುತ್ತದೆ. ‘ನಿಮ್ಮ ರೂಟಲ್ಲಿ ಕಲೆಕ್ಷನ್ ಇಲ್ಲ.’

ನಾನು ಲೆಕ್ಕದವನು, ಕಲೆಕ್ಷನ್ ಅಂದರೆ ಏನು ಅಂತ ನನಗೆ ಗೊತ್ತು. ಆದರೆ ನಮ್ಮ ರಿಂಗ್ ರೋಡನ್ನೇ ತಗೊಳ್ಳಿ, 42 ಕಿಲೋಮೀಟರಿನ ಆಸುಪಾಸು ಉದ್ದ. ಅದರ ದಿನದ ಕಲೆಕ್ಷನ್ ಎಷ್ಟು ಅಂತ ಯಾರಾದರೂ ಕೇಳಿದ್ದನ್ನು ಕೇಳಿದ್ದೀರಾ? ರಾತ್ರಿ ಎರಡು ಗಂಟೆಗೆ ಅಲ್ಲಿ ಗಾಡಿಗಳಿಲ್ಲ ಅಂತ ರಸ್ತೆಯ ಟ್ರಿಪ್ ಕಟ್ ಮಾಡುತ್ತಾರಾ? ರಸ್ತೆಗೆ ಸುರಿದದ್ದು ಅಭಿವೃದ್ಧಿ, ಬಸ್ಸಿಗೆ ಕೊಟ್ಟದ್ದು ನಷ್ಟ. ಒಂದೇ ಖಜಾನೆ, ಎರಡು ಥರದ ಪುಸ್ತಕ. ಹಳೆಯ ಮೈಸೂರು ಸರ್ಕಾರ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಸಾರಿಗೆ ಶುರು ಮಾಡಿದಾಗ ಅದೊಂದು ಇಲಾಖೆಯಾಗಿತ್ತು, ಶಾಲೆ ಆಸ್ಪತ್ರೆಗಳ ಥರ. 1961ರಲ್ಲಿ ನಿಗಮವಾಯಿತು. ಅವತ್ತಿನಿಂದ ಅದು ತನ್ನ ಖರ್ಚು ತಾನೇ ದುಡಿದುಕೊಳ್ಳಬೇಕಾದ ಮಗ. ದರ ಎಷ್ಟು, ಯಾರಿಗೆ ರಿಯಾಯಿತಿ ಅನ್ನುವುದನ್ನು ಮಾತ್ರ ಅಪ್ಪನೇ ತೀರ್ಮಾನಿಸುತ್ತಾನೆ.

ಕಲೆಕ್ಷನ್ ಇಲ್ಲದಿರಲು ಕಾರಣ ನಮ್ಮ ಬೀದಿಯಲ್ಲೇ ಇದೆ. ನಾವು ಬಂದ ಹೊಸದರಲ್ಲಿ ಬೆಳಗಿನ ಬಸ್ಸಿಗೆ ಹದಿನೈದು ಜನ ನಿಲ್ಲುತ್ತಿದ್ದೆವು. ಎಂಟೂಕಾಲಿನ ಬಸ್ಸು ಮೂರು ದಿನ ಕೈಕೊಟ್ಟಿತು. ಬ್ಯಾಂಕಿನವರು ಬೈಕು ತಗೊಂಡರು. ಎದುರು ಮನೆಯ ಮೇಡಂ ಸ್ಕೂಟಿ ಕಲಿತರು. ಕಾಲೇಜು ಹುಡುಗರು ಮೂರು ಮೂರು ಜನ ಒಂದೇ ಗಾಡಿಯಲ್ಲಿ. ಜನ ಕಮ್ಮಿಯಾದರು ಅಂತ ಒಂದು ಟ್ರಿಪ್ ಹೋಯಿತು, ಟ್ರಿಪ್ ಹೋಯಿತು ಅಂತ ಮಿಕ್ಕವರೂ ಹೋದರು. ಅದೇ ಚಾಮುಂಡಿ ಬೆಟ್ಟದ 201ಕ್ಕೆ ಕಾಯುವವರನ್ನು ನೋಡಿದರೆ ನನಗೆ ಹೊಟ್ಟೆಯುರಿ. ಒಂದು ಹೋದರೆ ಹಿಂದೆಯೇ ಇನ್ನೊಂದು. ಯಾರೂ ಗಡಿಯಾರ ನೋಡುವುದಿಲ್ಲ, ಹರಟೆ ಹೊಡೆಯುತ್ತಾ ನಿಂತಿರುತ್ತಾರೆ. ಬಸ್ಸು ಬಂದೇ ಬರುತ್ತದೆ ಅನ್ನುವ ಧೈರ್ಯವಿದ್ದರೆ ನಿಲ್ಲುವ ಭಂಗಿಯೇ ಬೇರೆ.

ಇನ್ನು ಶಕ್ತಿ ಯೋಜನೆ. 2023ರ ಜೂನ್ 11ರಿಂದ ನನ್ನ ಹೆಂಡತಿಗೆ ಬಸ್ಸು ಉಚಿತ, ನನಗಿಲ್ಲ. ಇದರ ಮೇಲಿನ ಜೋಕುಗಳನ್ನೆಲ್ಲ ನಮ್ಮ ಮನೆಯಲ್ಲಿ ಆಗಲೇ ಮಾಡಿ ಮುಗಿಸಿದ್ದೇವೆ. ಅದಕ್ಕೆ ಮೊದಲು ಅವಳು ಊರೊಳಗೆ ಬರುವುದು ತಿಂಗಳಿಗೆ ಎರಡು ಸಲ, ಅದೂ ಕೆಲಸಗಳನ್ನೆಲ್ಲ ಗಂಟು ಕಟ್ಟಿಕೊಂಡು. ಈಗ ತವರಿನವರನ್ನು ನೋಡಲು ಸರಸ್ವತಿಪುರಂ, ಸೋಮವಾರ ನಂಜನಗೂಡು, ಯಾರನ್ನೂ ಕೇಳುವುದಿಲ್ಲ, ಎದ್ದು ಹೊರಡುತ್ತಾಳೆ. ಬೆಳಗಿನ ಬಸ್ಸಿನಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸರು ಉಳಿದ ದುಡ್ಡನ್ನು ಚೀಟಿಗೆ ಕಟ್ಟುತ್ತಿರುವುದಾಗಿ ಮಾತಾಡಿಕೊಳ್ಳುತ್ತಾರೆ. ಗಂಡಸರಿಗೆ ಸೀಟಿಲ್ಲ ಅಂತ ಗೊಣಗುವವರ ಜೊತೆ ನಾನು ಸೇರುವುದಿಲ್ಲ. ಹತ್ತುವವರು ಹೆಚ್ಚಾದರೆ ಬಸ್ಸು ಹೆಚ್ಚಿಸಬೇಕು, ಹತ್ತುವವರ ಮೇಲೆ ಸಿಟ್ಟಾಗುವುದೇಕೆ? ಕೇಂದ್ರ ಸರ್ಕಾರದ ಮಾನದಂಡವೇ ಇದೆ: ಸಾವಿರ ಜನಕ್ಕೆ 0.6 ಬಸ್ಸಾದರೂ ಇದ್ದರೆ ಒಳ್ಳೆಯ ಸೇವೆ. 2011ರ ಜನಗಣತಿಯಲ್ಲಿ ಮೈಸೂರಿನದು ಒಂಬತ್ತು ಲಕ್ಷದ ಹತ್ತಿರ. ಆ ಲೆಕ್ಕಕ್ಕೇ 540 ಬೇಕು. ಆಮೇಲಿನ ತಲೆ ಎಣಿಕೆ ಇನ್ನೂ ಕೈಗೆ ಬಂದಿಲ್ಲ, ನಮ್ಮ ಕಡೆಯ ಗದ್ದೆಗಳೆಲ್ಲ ಆಗಲೇ ಬಡಾವಣೆಗಳಾಗಿವೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಕೇಂದ್ರದ ನಗರ ನವೀಕರಣ ಯೋಜನೆ ಜೆ-ನರ್ಮ್ ಕಾಲದಲ್ಲಿ ವೋಲ್ವೊ ಬಂತು, 2012ರಲ್ಲಿ ಬೋರ್ಡು ಬಂತು, 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ದೇಶಕ್ಕೆ 10,000 ವಿದ್ಯುತ್ ಬಸ್ಸುಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನನ್ನ ಭಾಷೆಯಲ್ಲಿ ಹೇಳುವುದಾದರೆ ಕ್ಯಾಪಿಟಲ್ ಖಾತೆ, ಅಂದರೆ ಹೊಸದು ಕೊಳ್ಳುವ ಖಾತೆ, ತುಂಬಿದೆ. ಬೋರ್ಡಿನ ಬಲ್ಬು ಬದಲಿಸುವುದು, ರಾತ್ರಿ ಎಂಟೂವರೆಯ ಖಾಲಿ ಬಸ್ಸನ್ನು ಖಾಲಿಯಾದರೂ ಓಡಿಸುವುದು, ಇವು ದಿನದಿನದ ಖರ್ಚಿನ ರೆವಿನ್ಯೂ ಖಾತೆ. ಅಲ್ಲಿ ಹಸ್ತಾಕ್ಷರ ಹಾಕುವವರೇ ಇಲ್ಲ. ದಸರೆಯ ಹತ್ತು ದಿನ ಮಾತ್ರ ಇದಕ್ಕೆ ಅಪವಾದ. ದೀಪ ನೋಡುವವರಿಗೆ ಹೆಚ್ಚುವರಿ ಬಸ್ಸು, ತಡರಾತ್ರಿಯವರೆಗೂ ಗಲಗಲ. ಆಗ ಕಲೆಕ್ಷನ್ ಪ್ರಶ್ನೆ ಯಾರೂ ಎತ್ತುವುದಿಲ್ಲ.

ಕಳೆದ ಮಳೆಗಾಲದ ಒಂದು ರಾತ್ರಿ ನಗರ ನಿಲ್ದಾಣದಲ್ಲಿ ನಮ್ಮ ಕಡೆಯ ಕೊನೇ ಬಸ್ಸಿಗೆ ನಾನೂ, ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಒಬ್ಬ ಹುಡುಗಿಯೂ ನಿಂತಿದ್ದೆವು. ಬಸ್ಸು ಬರಲಿಲ್ಲ. ‘ಟ್ರಿಪ್ ಕಟ್ ಆಗಿರಬೇಕು’ ಅಂತ ಕಡಲೆಕಾಯಿ ಮಾರುವವನು ಹೇಳಿದ. ಅವನೇ ನಮ್ಮ ಮಾಹಿತಿ ಕೇಂದ್ರ. ಟಿಕೆಟ್ ಉಚಿತವಿದ್ದ ಆ ಹುಡುಗಿ ಆಟೊಗೆ ನನ್ನ ಜೊತೆ ಅರ್ಧ ಪಾಲು, ನೂರಿಪ್ಪತ್ತು ರೂಪಾಯಿ ಹಾಕಿದಳು. ಡೈರಿಯಲ್ಲಿ ಅವತ್ತಿನ ಎದುರು 55 ಅಂತ ಬರೆದು ಪಕ್ಕದಲ್ಲಿ ‘ಬಂದಿಲ್ಲ’ ಅಂತ ಸೇರಿಸಿದ್ದೇನೆ.

ಕೊಳ್ಳಬಹುದೇ ಅಂತ ಕೇಳಿದರೆ: ರಿಂಗ್ ರೋಡಿನೊಳಗಿದ್ದರೆ ಕಣ್ಣುಮುಚ್ಚಿ ಪಾಸು ಮಾಡಿಸಿ. ಆಚೆ ಸೈಟು ನೋಡುತ್ತಿದ್ದರೆ ಬ್ರೋಕರನ್ನು ಕರೆದುಕೊಂಡು ಒಂದು ಸಂಜೆ ಏಳೂವರೆಗೆ ಆ ಸ್ಟಾಪಿನಲ್ಲಿ ನಿಂತುಕೊಳ್ಳಿ. ಬಸ್ಸು ಬಂದ ಮೇಲೆ ಅಡ್ವಾನ್ಸ್ ಕೊಡಿ.